ಅರವತ್ತನಾಲ್ಕು ಮನೆಯ ಅಕ್ಷರ

ಹಳೆಯ ವಿಡಿಯೊ ಗೇಮ್‌ಗಳ ಪರದೆಯ ಮೇಲೆ ಅಂಕಗಳನ್ನು ತೋರಿಸುತ್ತಿದ್ದ ದಪ್ಪನೆಯ, ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾದ ಇಂಗ್ಲಿಷ್ ಅಕ್ಷರಗಳನ್ನು ಅನೇಕರು ನೋಡಿರಬಹುದು. ಹೊಸ ಆಟಗಳಲ್ಲೂ ಅವು ಮತ್ತೆ ಕಾಣಿಸಿಕೊಳ್ಳುತ್ತಿವೆ. ಇವು ಇಷ್ಟು ಒರಟಾಗಿರುವುದೇಕೆ? ಮೊದಲು ಇವು ರೂಪುಗೊಂಡದ್ದು ಅಲಂಕಾರಕ್ಕಲ್ಲ, ಜಾಗದ ಲೆಕ್ಕಾಚಾರದಿಂದ.

ಜಪಾನಿನ ನಾಮ್ಕೊ ಕಂಪೆನಿ 1980ರಲ್ಲಿ ಹೊರತಂದ ‘ಪ್ಯಾಕ್‌ಮನ್’ ಆಟವನ್ನೇ ನೋಡಿ. ಅದರ ಪರದೆಯಲ್ಲಿ ಅಡ್ಡಕ್ಕೆ 224, ಉದ್ದಕ್ಕೆ 288 ಚುಕ್ಕೆಗಳು. ಈ ಚುಕ್ಕೆಗೇ ಪಿಕ್ಸೆಲ್ ಎಂದು ಹೆಸರು. ಪರದೆಯನ್ನು ಅಡ್ಡಕ್ಕೆ 8, ಉದ್ದಕ್ಕೆ 8 ಚುಕ್ಕೆಗಳ ಚೌಕಗಳಾಗಿ ವಿಂಗಡಿಸಲಾಗಿತ್ತು. ಒಂದು ಅಕ್ಷರಕ್ಕೆ ಒಂದು ಚೌಕ. ಅಂದರೆ ಚದುರಂಗದ ಹಲಗೆಯಂತೆ 64 ಮನೆಗಳು. ಒಂದು ಸಾಲಿಗೆ 28 ಅಕ್ಷರ ಮಾತ್ರ.

ತುಂಬಿದ ಮನೆಗೆ 1, ಖಾಲಿ ಮನೆಗೆ 0 ಎಂದಿಟ್ಟುಕೊಳ್ಳೋಣ. ಎಂಟು ಮನೆಗಳ ಒಂದು ಸಾಲು ಎಂಟು ಬಿಟ್, ಅಂದರೆ ಒಂದು ಬೈಟ್. ಎಡದಿಂದ ಬಲಕ್ಕೆ ಮನೆಗಳ ಬೆಲೆ 128, 64, 32, 16, 8, 4, 2, 1. ಇಂಗ್ಲಿಷಿನ ಮೊದಲ ಅಕ್ಷರ ‘ಎ’ಯ ತುದಿ 00111000. ಕೂಡಿದರೆ 32+16+8, ಅಂದರೆ 56. ಹೀಗೆ ಇಡೀ ಅಕ್ಷರವೇ ಎಂಟು ಸಂಖ್ಯೆಗಳಾಗುತ್ತದೆ: 56, 108, 198, 198, 254, 198, 198, 0.

ಇವೆಲ್ಲ ಸಮಸಂಖ್ಯೆಗಳೇ ಆಗಿರುವುದನ್ನು ಗಮನಿಸಿ. 1ರ ಬೆಲೆಯ ಬಲತುದಿಯ ಮನೆಯನ್ನು ಖಾಲಿ ಬಿಟ್ಟಿರುವುದೇ ಇದಕ್ಕೆ ಕಾರಣ. ಇಲ್ಲವಾದರೆ ಪಕ್ಕದ ಅಕ್ಷರ ಅಂಟಿಕೊಳ್ಳುತ್ತದೆ. ಕೊನೆಯ ಸೊನ್ನೆ ಕೆಳಗಿನ ಸಾಲಿಗೆ ಬಿಟ್ಟ ಅಂತರ. ನಿಂತ ಗೆರೆಗಳಿಗೆ ಎರಡೆರಡು ಚುಕ್ಕೆಗಳ ದಪ್ಪ ಇರುತ್ತಿತ್ತು. ಹಳೆಯ ಕೊಳವೆ ಟಿ.ವಿ.ಗಳಲ್ಲಿ ಒಂಟಿ ಚುಕ್ಕೆಯ ಗೆರೆ ಮಸುಕಾಗುತ್ತಿತ್ತು.

ಅಂದಿನ ಯಂತ್ರಗಳಲ್ಲಿ ಸ್ಮರಣಶಕ್ತಿ ಬಲು ತುಟ್ಟಿ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಹಿನ್ನೆಲೆ ಚಿತ್ರಕ್ಕೆ ದೊರೆತದ್ದು 256 ಚೌಕಗಳು. ಅದರಲ್ಲೇ ಅಕ್ಷರ, ಅಂಕಿಗಳಿಗೂ ಪಾಲು. ಹೀಗಾಗಿ ಅಲ್ಲಿನ ಮೋಡ ಮತ್ತು ಪೊದೆ ಒಂದೇ ಚಿತ್ರ. ಬದಲಾದದ್ದು ಬಣ್ಣ ಮಾತ್ರ!

ಇಂದು ಸ್ಮರಣಶಕ್ತಿಗೆ ಬರವಿಲ್ಲ. ಆದರೂ ನಾಮ್ಕೊ ಆಟಗಳ ಅಕ್ಷರಗಳನ್ನು ಆಧರಿಸಿದ ‘ಪ್ರೆಸ್ ಸ್ಟಾರ್ಟ್ 2ಪಿ’ ಎಂಬ ಫಾಂಟ್ ಉಚಿತವಾಗಿ ದೊರೆಯುತ್ತದೆ. 8, 16, 24 ಹೀಗೆ ಎಂಟರ ಮಗ್ಗಿಯ ಅಳತೆಯಲ್ಲಿಟ್ಟರೆ ಅಕ್ಷರ ಸ್ಪಷ್ಟ. ಇಂಗ್ಲಿಷಲ್ಲದೆ ಗ್ರೀಕ್ ಮತ್ತು ರಷ್ಯನ್ ಅಕ್ಷರಗಳೂ ಅದರಲ್ಲಿವೆ. ಕನ್ನಡ ಇಲ್ಲ.

ಕನ್ನಡಕ್ಕೆ 64 ಮನೆ ಸಾಲದು. ‘ರ’, ‘ಠ’ ಹೇಗೋ ಹಿಡಿಸಿಯಾವು. ‘ಸ್ತ್ರೀ’ ಎಂದು ಬರೆಯಬೇಕಾದರೆ? ತಲೆಯ ಮೇಲೆ ಗುಡಿಸು, ಕೆಳಗೆ ಎರಡು ಒತ್ತು, ಪಕ್ಕದಲ್ಲಿ ದೀರ್ಘ. ಇದಕ್ಕೆ ಎಷ್ಟು ಮನೆ ಬೇಕು? ಕಂಡುಹಿಡಿಯಲು ಕಂಪ್ಯೂಟರ್ ಬೇಕಿಲ್ಲ. ಗ್ರಾಫ್ ಹಾಳೆ, ಪೆನ್ಸಿಲ್, ರಬ್ಬರ್ ಸಾಕು. ಮಕ್ಕಳು ಮನೆಗಳನ್ನು ತುಂಬಲಿ, ತಂದೆತಾಯಿಗಳು ಪಕ್ಕದಲ್ಲಿ ಕುಳಿತು ಸಾಲುಗಳನ್ನು ಕೂಡಲಿ. ವಾರಾಂತ್ಯಕ್ಕೆ ಇದೂ ಒಂದು ಆಟವೇ.