ಪದದ ಅರ್ಥ ಒಂದು, ಮಾತಿನ ಅರ್ಥ ಇನ್ನೊಂದು

ಹಿರಿಯರು ತೀರಿಕೊಂಡಾಗ ನಾವು 'ಲಿಂಗೈಕ್ಯರಾದರು' ಎನ್ನುತ್ತೇವೆ. ಬೀಗರ ಮನೆಯಿಂದ ಹೊರಡುವಾಗ 'ಹೋಗಿ ಬರುತ್ತೇವೆ' ಎಂದೇ ಹೇಳುತ್ತೇವೆ. ಬರಿದೆ 'ಹೋಗುತ್ತೇವೆ' ಎಂಬುದು ಅಮಂಗಳ. ದೀಪ ಆರಿಸಬೇಕಾದಾಗ 'ದೊಡ್ಡದು ಮಾಡು' ಎನ್ನುವ ರೂಢಿ ಅನೇಕ ಮನೆಗಳಲ್ಲಿದೆ. ಹೊಸದಾಗಿ ಕನ್ನಡ ಕಲಿತವನೊಬ್ಬ ಇದನ್ನು ಕೇಳಿ ಬತ್ತಿಯನ್ನು ಮೇಲಕ್ಕೆತ್ತಿದರೆ ನಗಬೇಕಾಗಿಲ್ಲ. ಅವನು ಪದಗಳನ್ನು ಸರಿಯಾಗಿಯೇ ಬಲ್ಲ, ರೂಢಿಯನ್ನು ಅರಿಯನು, ಅಷ್ಟೆ.

ಇಂಗ್ಲಿಷಿನ ಮುಂದೆ ನಮ್ಮ ಸ್ಥಿತಿಯೂ ಇದೇ. 'ಐ ಆಮ್ ಅಫ್ರೇಡ್' ಎಂದವನಿಗೆ ಯಾವ ಭಯವೂ ಇರುವುದಿಲ್ಲ. ಒಲ್ಲೆ ಎಂಬುದನ್ನು ನಯವಾಗಿ ಹೇಳುತ್ತಿರುತ್ತಾನೆ. ಇಂಥವು ಕೇವಲ ನಗೆಗೆ ಕಾರಣವಾಗುತ್ತವೆ. ಆಸ್ಪತ್ರೆಯ ಕಾಗದದ ಇಂಗ್ಲಿಷು ಹಾಗಲ್ಲ.

ಐಗಳಿಯ ಸುತ್ತಿನ ಕುಟುಂಬಗಳು ದೊಡ್ಡ ಕಾಯಿಲೆ ಬಂದಾಗ ಅಥಣಿಯನ್ನು ದಾಟಿ ಮಿರಜಕ್ಕೆ ಹೋಗುವುದುಂಟು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರು ಅಲ್ಲಿ ಮಿಷನ್ ಆಸ್ಪತ್ರೆಯನ್ನು ಆರಂಭಿಸಿದರು. ಆಸ್ಪತ್ರೆಗಳ ಊರೆಂಬ ಹೆಸರು ಮಿರಜಕ್ಕೆ ಬಂದುದು ಅಂದಿನಿಂದ. ಅಲ್ಲಿ ಮಾತು ಮರಾಠಿಯಲ್ಲಿ ನಡೆಯುತ್ತದೆ, ಕನ್ನಡದಲ್ಲಿಯೂ ನಡೆದೀತು. ಆದರೆ ಕೈಗೆ ಬರುವ ಕಾಗದ ಇಂಗ್ಲಿಷಿನದು. ಅದನ್ನು ಓದಿ ಹೇಳುವ ಹೊಣೆ ಹೈಸ್ಕೂಲಿಗೆ ಹೋಗುವ ಮಗನ ಮೇಲೋ ಮಗಳ ಮೇಲೋ ಬೀಳುತ್ತದೆ. ಮಕ್ಕಳು ಶಾಲೆಯಲ್ಲಿ ಕಲಿತ ಅರ್ಥವನ್ನೇ ಹೇಳುತ್ತಾರೆ.

'ಕಂಪ್ಲೇಂಟ್' ಎಂದು ಬರೆದಿದ್ದರೆ ಅದು ದೂರಲ್ಲ, ರೋಗಿ ಹೇಳಿಕೊಂಡ ತೊಂದರೆ. 'ನೆಗೆಟಿವ್' ಎಂದರೆ ಕೆಟ್ಟದ್ದೆಂದಲ್ಲ, ಹುಡುಕಿದ್ದು ಸಿಗಲಿಲ್ಲವೆಂದು. 2020ರ ಕೊರೋನಾ ಕಾಲದಲ್ಲಿ ಇಷ್ಟನ್ನು ಊರಿಗೆ ಊರೇ ಕಲಿಯಿತು. ಸ್ಕ್ಯಾನ್ ವರದಿಯಲ್ಲಿ 'ಅನ್‌ರಿಮಾರ್ಕಬಲ್' ಎಂಬ ಪದ ಕಂಡರೆ ಸಮಾಧಾನಪಡಬಹುದು: ಆ ಭಾಗದಲ್ಲಿ ದೋಷ ಕಾಣಲಿಲ್ಲವೆಂದು ಅದರ ತಾತ್ಪರ್ಯ.

ಇದಕ್ಕಿಂತ ಮೋಸಗೊಳಿಸುವುದು 'ಸ್ಟೇಬಲ್'. ಸ್ಥಿರವಾಗಿದ್ದಾರೆಂದು ಕೇಳಿದೊಡನೆ ಗಂಡಾಂತರ ಕಳೆಯಿತೆಂದು ಭಾವಿಸಿ ನೆಂಟರು ಊರಿಗೆ ಮರಳುತ್ತಾರೆ. ವೈದ್ಯರು ಹೇಳಿದ್ದು, ಸದ್ಯಕ್ಕೆ ಸ್ಥಿತಿ ಏರುಪೇರಾಗುತ್ತಿಲ್ಲ ಎಂದು ಮಾತ್ರ. ಗಂಭೀರ ಸ್ಥಿತಿಯೂ ಸ್ಥಿರವಾಗಿರಬಲ್ಲದು.

ಔಷಧದ ಚೀಟಿಯಲ್ಲಿ 'ಎಸ್.ಓ.ಎಸ್.' ಎಂದು ಕಂಡರೆ ಓದಿದವರೂ ಬೆಚ್ಚುತ್ತಾರೆ. ಮುಳುಗುವ ಹಡಗಿನ ಮೊರೆಯೆಂದೇ ಎಲ್ಲರೂ ಕೇಳಿದ್ದು. ಆ ಸಂಕೇತವನ್ನು 1906ರ ಬರ್ಲಿನ್ ಸಮ್ಮೇಳನ ಅಂಗೀಕರಿಸಿತು. ಆ ಅಕ್ಷರಗಳಿಗೆ ಅಲ್ಲಿ ಪದಗಳ ಅರ್ಥವೇ ಇಲ್ಲ. ಚೀಟಿಯದು ಬೇರೆ ಮೂಲ: 'ಸಿ ಓಪಸ್ ಸಿಟ್' ಎಂಬ ಲ್ಯಾಟಿನ್ ಮಾತು, ಅಂದರೆ 'ಅಗತ್ಯವಿದ್ದರೆ'. ನೋವು ಅಥವಾ ಜ್ವರ ಇದ್ದಾಗ ಮಾತ್ರ ನುಂಗಬೇಕಾದ ಗುಳಿಗೆಯನ್ನು ದಿನಕ್ಕೆ ಮೂರರಂತೆ ನುಂಗಿದವರೂ ಇದ್ದಾರೆ, ಹೆದರಿ ಮುಟ್ಟದೆ ನರಳಿದವರೂ ಇದ್ದಾರೆ.

ಎಲ್ಲಕ್ಕಿಂತ ಕಠಿಣವಾದುದು 'ನಿಲ್ ಬೈ ಮೌತ್'. ಬಾಯಿಂದ ಏನೂ ಕೊಡಕೂಡದೆಂಬುದು ಇದರ ಅರ್ಥ. ಊಟ ಬೇಡವೆಂದಿದ್ದಾರೆ, ಒಂದು ಗುಟುಕು ಚಹಕ್ಕೆ ಏನಾದೀತು ಎಂದು ನಮ್ಮ ತಾಯಂದಿರ ಕರುಳು ಮಿಡಿಯುತ್ತದೆ. ಹಸಿದವರಿಗೆ ಉಣಿಸದಿರುವುದು ನಮ್ಮ ಸಂಸ್ಕಾರಕ್ಕೆ ಒಗ್ಗದ ಮಾತು. ಆದರೆ ಅರಿವಳಿಕೆಯಲ್ಲಿ ಗಂಟಲಿನ ಸ್ವಾಭಾವಿಕ ರಕ್ಷಣೆ ಮಲಗಿಬಿಡುತ್ತದೆ. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಹಾಲು ಬೆರೆಸಿದ ಚಹವೂ ಈ ಲೆಕ್ಕದಲ್ಲಿ ಆಹಾರವೇ.

ಕಾಗದದಲ್ಲಿ ಈ ಮಾತು ಕಂಡಾಗ ಮಕ್ಕಳಿಂದ ಅರ್ಥ ಹೇಳಿಸಿಕೊಂಡು ಸುಮ್ಮನಾಗದೆ ದಾದಿಯರನ್ನೇ ಕೇಳಬೇಕು: ನೀರೂ ಬೇಡವೇ? ಎಷ್ಟು ಗಂಟೆಯಿಂದ? ದಿನವೂ ನುಂಗುವ ಬಿ.ಪಿ. ಗುಳಿಗೆ ಕೊಡಬೇಕೇ, ಬೇಡವೇ? ಉತ್ತರವನ್ನು ಅದೇ ಕಾಗದದ ಬೆನ್ನಿಗೆ ಕನ್ನಡದಲ್ಲಿ ಬರೆದಿಟ್ಟರೆ ರಾತ್ರಿ ಕಾವಲಿಗೆ ಬರುವ ಸೊಸೆಗೂ ಅದು ತಿಳಿಯುತ್ತದೆ.