ಮೀನಿನಲ್ಲಿ ಹುಟ್ಟಿದ ಶ್ವಾಸಕೋಶ



ಪ್ರಾಣಿಗಳು ನೆಲಕ್ಕೆ ಬಂದ ಮೇಲೆ ಅವಕ್ಕೆ ಶ್ವಾಸಕೋಶ ಬಂತು ಅಂತ ನೀವು ತಿಳಿದಿರಬಹುದು. ನಡೆದದ್ದು ಹಾಗಲ್ಲ. ಶ್ವಾಸಕೋಶ ಮೊದಲು ಮೂಡಿದ್ದು ಮೀನುಗಳಲ್ಲಿ, 40 ಕೋಟಿ ವರ್ಷಗಳಿಗೂ ಹಿಂದೆ, ನೀರಿನಲ್ಲೇ!

ಮೀನಿಗೆ ಕಿವಿರು ಸಾಲದೇ? ಲೆಕ್ಕ ನೋಡಿ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕ ಇದೆ. ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಸಾಮಾನ್ಯವಾಗಿ 10 ಮಿಲಿಲೀಟರಿಗಿಂತಲೂ ಕಡಿಮೆ. ನೀರು ಬಿಸಿಯಾದರೆ, ಅದರಲ್ಲಿ ಎಲೆ ಕೊಳೆತರೆ ಇನ್ನೂ ಕಡಿಮೆ. ಅಂಥ ಕಡೆ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಬಲ್ಲ ಮೀನಿಗೆ ಬದುಕುವುದು ಸುಲಭ. ನುಂಗಿದ್ದು ಹೋಗುವುದು ಅನ್ನನಾಳದ ಕಡೆಗೆ ತಾನೇ? ಅಲ್ಲಿನ ತೆಳು ಗೋಡೆಯಿಂದ ಆಮ್ಲಜನಕ ರಕ್ತಕ್ಕೆ ಇಳಿಯಿತು. ಲಕ್ಷಾಂತರ ತಲೆಮಾರು ಕಳೆದಂತೆ ಅನ್ನನಾಳದ ಕೆಳಬದಿಯಲ್ಲಿ ಉಬ್ಬಿದ ಚೀಲವೇ ಶ್ವಾಸಕೋಶ ಆಯ್ತು ಎಂಬುದು ವಿಜ್ಞಾನಿಗಳ ವಿವರಣೆ.

ಮೀನನ್ನು ನೀರಿನಲ್ಲಿ ತೇಲಿಸುವ ಗಾಳಿಚೀಲವೇ ಮುಂದೆ ಶ್ವಾಸಕೋಶವಾಯಿತು ಎಂದು ಡಾರ್ವಿನ್ 1859ರಲ್ಲಿ ಬರೆದಿದ್ದ. ಈಗ ತಿಳಿದಿರುವುದು ಅದರ ತಿರುಗುಮುರುಗು: ಮೊದಲು ಶ್ವಾಸಕೋಶ, ಆಮೇಲೆ ಗಾಳಿಚೀಲ. ಆಫ್ರಿಕಾದ ಬಿಚಿರ್ ಮೀನಿನಲ್ಲಿ, ಆಫ್ರಿಕಾ, ದಕ್ಷಿಣ ಅಮೆರಿಕ ಮತ್ತು ಆಸ್ಟ್ರೇಲಿಯಾಗಳ ಶ್ವಾಸಕೋಶ ಮೀನುಗಳಲ್ಲಿ ಹಳೆಯ ಶ್ವಾಸಕೋಶ ಇವತ್ತಿಗೂ ಉಳಿದಿದೆ. ಆದರೆ ಗಾಳಿ ಗುಟುಕರಿಸುವ ಮೀನಿಗೆಲ್ಲ ಶ್ವಾಸಕೋಶ ಇರಲೇಬೇಕೆಂದಿಲ್ಲ. ನಮ್ಮ ಕೆಸರು ನೀರಿನ ಮುಗುಡು ಮೀನಿಗೆ ಇರುವುದು ಕಿವಿರಿನ ಮೇಲಿನ, ಗಿಡದಂತೆ ಕವಲೊಡೆದ ಬೇರೆಯೇ ಅಂಗ.

ಅನಿಲ ವಿನಿಮಯಕ್ಕೆ ಬೇಕಾದ್ದು ತೆಳುವಾದ, ತೇವವಾದ, ವಿಶಾಲವಾದ ಪದರ. ಪಕ್ಕದಲ್ಲೇ ರಕ್ತ ಹರಿಯುತ್ತಿರಬೇಕು. ಕಪ್ಪೆಯ ಶ್ವಾಸಕೋಶ ಕೆಲವೇ ಮಡಿಕೆಗಳ ಸರಳ ಚೀಲ. ಅದು ಸಾಲದ್ದಕ್ಕೆ ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ಹಕ್ಕಿಗಳಲ್ಲಿ ಗಾಳಿ ಶ್ವಾಸಕೋಶದೊಳಗೆ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ನಮ್ಮಲ್ಲಿ 30 ಕೋಟಿಗೂ ಹೆಚ್ಚು ಗಾಳಿಗೂಡುಗಳಿವೆ. ಅವನ್ನೆಲ್ಲ ಬಿಚ್ಚಿ ಹಾಸಿದರೆ ಒಂದು ದೊಡ್ಡ ತರಗತಿಯ ನೆಲ ತುಂಬೀತು!

ಈ ಹಳೆಯ ಕಥೆಯ ಗುರುತು ನಿಮ್ಮ ಗಂಟಲಲ್ಲೇ ಇದೆ. ತಾಯಿಯ ಗರ್ಭದಲ್ಲಿ ನಾಲ್ಕನೇ ವಾರದ ಹೊತ್ತಿಗೆ ಶ್ವಾಸಕೋಶ ಇಂದಿಗೂ ಅನ್ನದ ಹಾದಿಯಿಂದಲೇ ಮೊಳಕೆಯೊಡೆಯುತ್ತದೆ. ಆದ್ದರಿಂದ ಅನ್ನದ ದಾರಿ, ಗಾಳಿಯ ದಾರಿ ಎರಡೂ ಗಂಟಲಲ್ಲಿ ಕೂಡುತ್ತವೆ. ನುಂಗುವಾಗ ಕಿರುನಾಲಿಗೆಯ ಕೆಳಗಿರುವ ಒಂದು ಪುಟ್ಟ ಮುಚ್ಚಳ ಶ್ವಾಸನಾಳವನ್ನು ಮುಚ್ಚುತ್ತದೆ. ಮಾತಾಡುತ್ತಾ, ನಗುತ್ತಾ ಉಂಡರೆ ಅದು ತಪ್ಪಿ ತುತ್ತು ಅಡ್ಡದಾರಿ ಹಿಡಿಯುತ್ತದೆ. ಅದನ್ನೇ ನಾವು ‘ನೆತ್ತಿಗೆ ಹತ್ತಿತು’ ಅನ್ನುವುದು. ಯಾರೋ ನೆನೆಸಿಕೊಂಡದ್ದರಿಂದ ಅಲ್ಲ! ಆಗ ಬರುವ ಕೆಮ್ಮು ಶ್ವಾಸಕೋಶದ ಕಾವಲುಗಾರ, ಅದನ್ನು ತಡೆಯಬೇಡಿ. ಕೆಮ್ಮಲೂ ಆಗದೆ, ಮಾತೂ ಹೊರಡದೆ ಒದ್ದಾಡುವವರನ್ನು ಕಂಡರೆ ತಡಮಾಡದೆ ದೊಡ್ಡವರನ್ನು ಕೂಗಿ ಕರೆಯಿರಿ.