ನಿಮಗಿದು ಗೊತ್ತೆ? ಗುಡ್ಡದ ಇಳಿಜಾರು, ಸಿ ಭಾಷೆಯ ಲೆಕ್ಕ
2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ ಎತ್ತರಗಳ ದತ್ತಾಂಶದಲ್ಲಿ, ಸಕಲೇಶಪುರವನ್ನೂ ಆಲೂರು ಸೀಮೆಯ ಪಶ್ಚಿಮದ ಗುಡ್ಡಗಳನ್ನೂ ಒಳಗೊಂಡ ಒಂದು ಡಿಗ್ರಿ ಉದ್ದಗಲದ ತುಣುಕೊಂದರಲ್ಲೇ, ಅಡ್ಡಕ್ಕೆ 3601, ಉದ್ದಕ್ಕೆ 3601ರಂತೆ, 1,29,67,201 ಅಂಕಿಗಳಿವೆ. ಆದೇಶಗಳನ್ನು ಓಡುವಾಗಲೇ ಒಂದೊಂದಾಗಿ ಅರ್ಥೈಸಿಕೊಳ್ಳುವ ಪೈಥಾನ್‌ನಂತಹ ಸ್ಕ್ರಿಪ್ಟಿಂಗ್ ಭಾಷೆಗೆ ಇಷ್ಟೂ ಅಂಕಿಗಳಿಂದ ಇಳಿಜಾರು ಕಂಡುಹಿಡಿಯುವುದು ಬಹಳ ನಿಧಾನದ ಕೆಲಸವಾದ್ದರಿಂದ, ಆ ಭಾರವನ್ನು ವಿಸ್ತರಣಾ ಮಾಡ್ಯೂಲ್, ಅಂದರೆ ಸಿ ಭಾಷೆಯಲ್ಲಿ ಬರೆದು ಮೊದಲೇ ಯಂತ್ರಸಂಕೇತಕ್ಕೆ ಕಂಪೈಲ್ ಮಾಡಿಟ್ಟ ಭಾಗ, ಹೊರುತ್ತದೆ. ಪೈಥಾನ್‌ನ ಪ್ರತಿ ಸಂಖ್ಯೆಯೂ ತನ್ನ ಬಗೆಯನ್ನೂ ಬಳಕೆಯ ಎಣಿಕೆಯನ್ನೂ ಜೊತೆಗಿಟ್ಟುಕೊಂಡ ವಸ್ತು. ಮಾಡ್ಯೂಲ್ ಬರೆಯುವವರು ಆ ಎಣಿಕೆಯನ್ನು ಇಳಿಸಲು ಮರೆತರೆ ಮೆಮೊರಿ ಸೋರುತ್ತದೆ, ಹೆಚ್ಚಾಗಿ ಇಳಿಸಿದರೆ ಪ್ರೋಗ್ರಾಮೇ ಕುಸಿಯಬಹುದು. 2006ರಲ್ಲಿ 1.0 ಆವೃತ್ತಿ ಕಂಡ ನಂಪೈ ಎಂಬ ಪೈಥಾನ್ ವಿಸ್ತರಣೆ, ಇಂತಹ ವಸ್ತುಗಳ ಬದಲು ಬರಿಯ ಅಂಕಿಗಳನ್ನು ಒತ್ತಾಗಿ ಜೋಡಿಸಿಟ್ಟು, ಇಡೀ ಸಾಲನ್ನು ಒಂದೇ ಕರೆಯಲ್ಲಿ ಸಿ ಭಾಷೆಯ ಭಾಗಕ್ಕೆ ಒಪ್ಪಿಸುತ್ತದೆ.